ಪುಸ್ತಕದ ನೀರು, ಅಂಗಳದ ನೆರಳು

ಮಕ್ಕಳಿಗೆ ಮನೆಯಲ್ಲಿಯೇ ವಿಜ್ಞಾನದ ರುಚಿ ಹತ್ತಿಸುವುದು ಹೇಗೆಂಬ ವಿಷಯವಾಗಿ ಈ ಸಲ ನಾಲ್ಕು ಮಾತು ಬರೆಯಬೇಕೆಂದು ಸಂಘದ ಸೋದರಿಯರಿಬ್ಬರು ನಮ್ಮನ್ನು ಹಿಡಿದು ನಿಲ್ಲಿಸಿ ಕೇಳಿದರು. ಅವರಿಗೆ ನಮ್ಮ ಯೋಗ್ಯತೆ ತಿಳಿಯದು. ನಾವು ಬಿ.ಎ. ಪಾಸಾದವರು, ಅದೂ ಇತಿಹಾಸದಲ್ಲಿ. ಸರಕಾರಿ ಕಚೇರಿಯೊಂದರಲ್ಲಿ ಒಳಬಂದ ಕಾಗದಕ್ಕೆ ನಂಬರು ಹಾಕಿ, ಹೊರಹೋಗುವ ಕಾಗದಕ್ಕೆ ನಕಲು ಇಟ್ಟು ಹತ್ತೆಂಟು ವರ್ಷ ಕಳೆದವರು. ವಿಜ್ಞಾನಕ್ಕೂ ನಮಗೂ ಹತ್ತನೆಯ ಇಯತ್ತೆಯಲ್ಲಿಯೇ ಕೈಮುಗಿದು ಬೀಳ್ಕೊಡುಗೆಯಾಗಿತ್ತು.

ಆದರೂ ಬರೆಯಲು ಒಪ್ಪಿದೆವು. ಏಕೆಂದರೆ ಈ ವಿಷಯದಲ್ಲಿ ನಮ್ಮ ಕೈಯಿಂದ ಒಂದು ತಪ್ಪು ನಡೆದುಹೋಗಿದೆ. ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕಲಾರದು.

ಮೊದಲು ಸ್ಥಳದ ವಿಚಾರ. ನಮ್ಮದು ಡೊಂಬಿವಿಲಿಯಲ್ಲಿ ಒಂದು ಕೋಣೆ ಮತ್ತು ಅಡಿಗೆಮನೆಯ ಬಿಡಾರ. ಪ್ರಯೋಗಶಾಲೆ ಎಂದರೆ ಊಟ ಮುಗಿದು ನೆಲ ಒರೆಸಿದ ಮೇಲೆ ಉಳಿಯುವ ಜಾಗ. ಮುಂಬಯಿಯಲ್ಲಿ ಇದಕ್ಕೆಂದೇ ದೊಡ್ಡ ಏರ್ಪಾಡುಗಳು ಇಲ್ಲವೆಂದಲ್ಲ. ವರಳಿಯಲ್ಲಿ 1977ರಿಂದ ನೆಹರು ತಾರಾಲಯವಿದೆ, ಅಲ್ಲಿಂದ ಅನತಿದೂರದಲ್ಲಿ 1985ರಲ್ಲಿ ತೆರೆದ ನೆಹರು ವಿಜ್ಞಾನ ಕೇಂದ್ರವಿದೆ. ಮಕ್ಕಳು ಅಲ್ಲಿಯ ಗುಂಡಿಗಳನ್ನು ಒತ್ತಿ, ಹಿಡಿಕೆಗಳನ್ನು ತಿರುಗಿಸಿ, ಕನ್ನಡಿಗಳ ಮುಂದೆ ಮೂತಿ ಸೊಟ್ಟ ಮಾಡಿ ಮನಸಾರೆ ದಣಿಯುತ್ತಾರೆ. ಮಾನಖುರ್ದಿನಲ್ಲಿ 1974ರಲ್ಲಿ ಆರಂಭವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಚಿಕ್ಕ ಮಕ್ಕಳಿಗಾಗಿ ‘ಸ್ಮಾಲ್ ಸೈನ್ಸ್’ ಎಂಬ ಪುಸ್ತಕಮಾಲೆಯನ್ನೇ ಮಾಡಿದ್ದಾರೆ. ಅದರಲ್ಲಿ ಉತ್ತರಗಳಿಗಿಂತ ನೋಡಿ ಬಾ, ಮಾಡಿ ನೋಡು ಎಂಬ ಕೆಲಸಗಳೇ ಹೆಚ್ಚು. ಇವೆಲ್ಲ ಇದ್ದರೂ ಎರಡು ಲೋಕಲು ಹಿಡಿದು, ಮಕ್ಕಳ ಕೈ ಬಿಡದೆ, ದಾದರಿನ ಸೇತುವೆ ಹತ್ತಿ ಇಳಿದು ಹೋಗುವುದು ವರ್ಷಕ್ಕೊಮ್ಮೆಯ ಯಾತ್ರೆಯಾದೀತೇ ವಿನಾ ದಿನದ ಪೂಜೆಯಾಗಲಾರದು. ದಿನದ ಪೂಜೆ ಮನೆಯಲ್ಲಿಯೇ ನಡೆಯಬೇಕು.

ಇನ್ನು ತಪ್ಪಿನ ಕಥೆ.

2023ರ ಡಿಸೆಂಬರಿನ ಮಾತು. ಮಗಳು ಆಗ ಆರನೆಯ ಇಯತ್ತೆಯಲ್ಲಿದ್ದಳು. ಮನೆಯಲ್ಲಿ ಒಂದು ಪ್ರಯೋಗ ಮಾಡಿ, ಕಂಡದ್ದನ್ನು ನೋಟುಬುಕ್ಕಿನಲ್ಲಿ ಬರೆದು ತರಲು ಹೇಳಿದ್ದರು. ನಮಗೆ ಗೊತ್ತಿದ್ದದ್ದು ಒಂದೇ: ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದ ಬತ್ತಿ ನಿಲ್ಲಿಸಿ ಹಚ್ಚಿ, ಮೇಲೆ ಗಾಜಿನ ಲೋಟ ಕವುಚುವುದು. ದೀಪ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ನಾವು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಉತ್ತರವೂ ನೆನಪಿತ್ತು. ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕ. ಬತ್ತಿ ಅದನ್ನು ತಿಂದು ಮುಗಿಸುತ್ತದೆ. ತೆರವಾದ ಜಾಗಕ್ಕೆ ನೀರು ಬರುತ್ತದೆ. ಆದುದರಿಂದ ನೀರು ಐದರಲ್ಲಿ ಒಂದು ಪಾಲು ಏರುತ್ತದೆ. ಎಷ್ಟು ಅಚ್ಚುಕಟ್ಟು! ಕಚೇರಿಯ ಫೈಲಿಗೆ ಷರಾ ಬರೆದಂತೆ.

ಪ್ರಯೋಗ ನಡೆಯಿತು. ಮಗಳು ನೆಲಕ್ಕೆ ಗಲ್ಲ ತಾಗಿಸಿ ಮಲಗಿ ನೋಡಿದಳು. ಆಮೇಲೆ ಬರೆದದ್ದು ಹೀಗೆ: ‘ಲೋಟ ಇಡುವಾಗ ಅಂಚಿನಿಂದ ಗುಳ್ಳೆ ಹೊರಗೆ ಬಂತು. ಬತ್ತಿ ಉರಿಯುವಾಗ ನೀರು ಹೆಚ್ಚು ಏರಲಿಲ್ಲ. ಆರಿದ ಮೇಲೆ ಒಮ್ಮೆಗೇ ಏರಿತು.’ ಅವಳು ಇಂಗ್ಲಿಷಿನಲ್ಲಿ ಬರೆದಿದ್ದಳು, ತಾತ್ಪರ್ಯ ಇದು.

ನಾವು ಕೆಂಪು ಪೆನ್ನು ತೆಗೆದುಕೊಂಡೆವು. ಗುಳ್ಳೆಯ ವಾಕ್ಯ ಅನಾವಶ್ಯಕವೆಂದು ಹೊಡೆದು ಹಾಕಿದೆವು. ‘ಆರಿದ ಮೇಲೆ’ ಎಂಬುದನ್ನು ತಿದ್ದಿ, ‘ಉರಿಯುತ್ತ ಹೋದಂತೆ’ ಎಂದು ಮಾಡಿದೆವು. ಕೆಳಗೆ ಐದರಲ್ಲಿ ಒಂದು ಪಾಲಿನ ಷರಾ ಬರೆಯಿಸಿದೆವು.

“ಆದರೆ ಅಪ್ಪ, ಹಾಗೆ ಆಗಲಿಲ್ಲ,” ಎಂದಳು.

“ನಿನ್ನ ಕಣ್ಣು ತಪ್ಪಿರಬೇಕು. ಪುಸ್ತಕದಲ್ಲಿರುವುದನ್ನು ಬರಿ,” ಎಂದೆವು.

ಬರೆದಳು. ತುಂಬು ಅಂಕ ಬಂತು. ನಾವು ಮೀಸೆ ತಿರುವಿದೆವು.

ಆ ಮೇಲೆ ಒಂದು ರಾತ್ರಿ ಕರೆಂಟು ಹೋಯಿತು. ಬೆಳಕಿಗೆಂದು ಮೂರು ಬತ್ತಿ ಹಚ್ಚಿದ್ದೆವು. ಮಗಳಿಗೆ ಏನು ಹೊಳೆಯಿತೋ, ಮೂರನ್ನೂ ಒತ್ತಾಗಿ ತಟ್ಟೆಯಲ್ಲಿ ನಿಲ್ಲಿಸಿ, ನೀರು ಹೊಯ್ದು, ಅದೇ ಲೋಟ ಕವುಚಿದಳು. ನೀರು ಮೊದಲಿನದಕ್ಕಿಂತ ಎಷ್ಟೋ ಮೇಲಕ್ಕೆ ಏರಿತು. ಅವಳು ತಲೆಯೆತ್ತಿ ಕೇಳಿದ ಪ್ರಶ್ನೆ ಇಷ್ಟೆ:

“ಅಪ್ಪ, ಲೋಟ ಅದೇ. ಆಮ್ಲಜನಕ ಹೇಗೆ ಹೆಚ್ಚಾಯಿತು?”

ಕತ್ತಲೆಯಲ್ಲಿ ನಮ್ಮ ಮುಖ ಕಾಣಿಸಲಿಲ್ಲವೆಂಬುದೊಂದೇ ಸಮಾಧಾನ.

ಮರುದಿನ ಡಬ್ಬಿ ತಿನ್ನುವ ಹೊತ್ತಿನಲ್ಲಿ, ಬಿ.ಎಸ್ಸಿ. ಮಾಡಿದ ಸಹೋದ್ಯೋಗಿಯೊಬ್ಬರಲ್ಲಿ ವಿಚಾರಿಸಿದೆವು. ರಾತ್ರಿ ಕುಳಿತು ಓದಿಯೂ ನೋಡಿದೆವು. ಸಂಗತಿ ಇದು. ಉರಿಯುವ ಬತ್ತಿಯ ಬಿಸಿಗೆ ಲೋಟದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಯಲ್ಲಿ ಸ್ವಲ್ಪ ಲೋಟ ಕವುಚುವ ಮೊದಲೇ ಹೊರಹೋಗಿರುತ್ತದೆ, ಇನ್ನು ಸ್ವಲ್ಪ ಗುಳ್ಳೆಯಾಗಿ ಅಂಚಿನಿಂದ ಹೋಗುತ್ತದೆ. ಬತ್ತಿ ಆರಿದೊಡನೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ನೂಕುತ್ತದೆ. ಮೂರು ಬತ್ತಿಯಾದರೆ ಬಿಸಿ ಹೆಚ್ಚು, ಹೊರಹೋಗುವ ಗಾಳಿಯೂ ಹೆಚ್ಚು, ಏರುವ ನೀರೂ ಹೆಚ್ಚು. ಆಮ್ಲಜನಕ ಕರಗಿ ಮಾಯವಾಗುವುದೂ ಇಲ್ಲ. ಅದು ಮೇಣದ ಇಂಗಾಲದೊಡನೆ ಸೇರಿ ಇಂಗಾಲದ ಡೈ ಆಕ್ಸೈಡಾಗಿ ಅಲ್ಲಿಯೇ ಜಾಗ ಹಿಡಿದು ಕೂತಿರುತ್ತದೆ. ಒಂದು ಪಾಲು ಮಾತ್ರ ಜಲಜನಕದೊಡನೆ ಸೇರಿ ಆವಿಯಾಗಿ, ತಣಿದು ನೀರಾಗುತ್ತದೆ. ಅದಲ್ಲದೆ ಬತ್ತಿಯು ಲೋಟದಲ್ಲಿರುವ ಆಮ್ಲಜನಕವನ್ನೆಲ್ಲ ಮುಗಿಸುವ ಮೊದಲೇ ಆರಿಬಿಡುತ್ತದೆ.

ಅಂದರೆ ನಾವು ಹೊಡೆದು ಹಾಕಿದ ಗುಳ್ಳೆಯ ವಾಕ್ಯವೇ ಇಡೀ ಪ್ರಯೋಗದ ಬೀಗದಕೈ. ಮಗಳು ಕಂಡದ್ದು ಸರಿ. ನಾವು ಬರೆಯಿಸಿದ್ದು ತಪ್ಪು. ಅಂಕ ಬಂದದ್ದು ತಪ್ಪಿಗೆ.

ಇದನ್ನು ಅವಳಿಗೆ ಹೇಳಿದೆವು. ಹೇಳಿದ್ದು ಸುಲಭವಾಗಿ ಅಲ್ಲ. ಎರಡು ದಿನ ತಳ್ಳಿ, ಮೂರನೆಯ ದಿನ ಮನೆಯವರು ಕಣ್ಣಿನಲ್ಲಿಯೇ ಗದರಿಸಿದ ಮೇಲೆ ಹೇಳಿದೆವು. ಅವಳು “ಸರಿ ಅಪ್ಪ” ಎಂದು ಎದ್ದು ಆಡಲು ಹೋದಳು. ವಿಷಯ ಅಲ್ಲಿಗೆ ಮುಗಿಯಿತೆಂದು ನಾವು ತಿಳಿದೆವು.

ಇಲ್ಲಿ ಒಂದು ಮಾತು ಬದಿಗೆ. ನಮ್ಮ ಮನೆಯ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದ ಕೆಳಗೆ ಮರಾಠಿ ಮತ್ತು ಹಿಂದಿ, ಊಟದ ತಟ್ಟೆಯ ಮುಂದೆ ಕನ್ನಡ. ಹೆಚ್ಚಿನ ವಾಚಕರ ಮನೆಯಲ್ಲಿಯೂ ಹೀಗೆಯೇ ಇರಬೇಕು. ವಿಜ್ಞಾನವೆಂದರೆ ಇಂಗ್ಲಿಷಿನ ಸೊತ್ತು ಎಂದು ನಾವು ದೊಡ್ಡವರೇ ಬಿಟ್ಟುಕೊಟ್ಟಿದ್ದೇವೆ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಹೊರತಂದರು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ವನ್ನು ಓದಿ ಬೆಳೆದವರು ನಮ್ಮಲ್ಲಿಯೇ ಎಷ್ಟೋ ಮಂದಿ ಇದ್ದಾರೆ. ಪುಸ್ತಕ ಇದ್ದೂ ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಏನು ಮಾಡುವುದು ಎಂದು ಕೇಳುವಿರಿ. ಓದಲು ಬಾರದಿದ್ದರೂ ಕೈಯಿಂದ ಕೆಲಸ ಮಾಡುವಾಗ ಬಾಯಿಗೆ ಬರುವುದು ಮನೆಯ ಮಾತೇ ಎಂಬುದನ್ನು ನಾವು ಕಂಡಿದ್ದೇವೆ. ‘ಹಿಡಿ, ಬಿಡು, ವಾಲಿತು, ಉಕ್ಕಿತು, ಆರಿತು’ ಎನ್ನುವಾಗ ಯಾವ ಹುಡುಗಿಯೂ ಇಂಗ್ಲಿಷು ಹುಡುಕುವುದಿಲ್ಲ. ಇದು ಎರಡನೆಯ ಪ್ರಯೋಗದಲ್ಲಿ ಇನ್ನೂ ಚೆನ್ನಾಗಿ ಕಂಡಿತು.

ಎರಡನೆಯದು ನೆರಳಿನದು. ಇದಕ್ಕೆ ಮುಂಬಯಿಯ ನಾವು ಹೇಳಿ ಮಾಡಿಸಿದ ಜನ. ಏಕೆಂದರೆ ನಮ್ಮ ಸಂಸಾರಗಳು ಮೇ ತಿಂಗಳಿನಲ್ಲಿ ಎರಡು ಊರಿನಲ್ಲಿ ಇರುತ್ತವೆ. ಮಕ್ಕಳು ಮತ್ತು ತಾಯಿ ಊರಿನಲ್ಲಿ, ರಜೆ ಸಿಕ್ಕದ ಯಜಮಾನ ಇಲ್ಲಿ, ಗ್ಯಾಸಿನ ಮುಂದೆ ಸುಟ್ಟ ದೋಸೆಯೊಡನೆ.

ಸೂರ್ಯನು ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ ಎಂದು ನಾವು ಸುಮ್ಮನೆ ಹೇಳುತ್ತೇವೆ. ನಿಜವಾಗಿ ನೆಟ್ಟನೆ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ, ಅದೂ ಕರ್ಕಾಟಕ ಮತ್ತು ಮಕರ ವೃತ್ತಗಳ ನಡುವಿನ ಊರುಗಳಿಗೆ ಮಾತ್ರ. ದಿಲ್ಲಿಯವರಿಗೆ ಆ ಭಾಗ್ಯವಿಲ್ಲ. ಮುಂಬಯಿಗೆ ಮೇ 15ರ ಸುಮಾರಿಗೆ ಒಮ್ಮೆ, ಜುಲೈ 28ರ ಸುಮಾರಿಗೆ ಇನ್ನೊಮ್ಮೆ. ಜುಲೈಯದನ್ನು ಮಳೆಯ ಮೋಡ ನುಂಗುತ್ತದೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ‘ಶೂನ್ಯ ನೆರಳಿನ ದಿನ’ ಎನ್ನುತ್ತಾರೆ. ಸೂರ್ಯ ದಿನದಿನಕ್ಕೆ ಉತ್ತರಕ್ಕೆ ಸರಿಯುವುದರಿಂದ 2024ರಲ್ಲಿ ಫೋರ್ಟಿಗೆ 15ನೆಯ ತಾರೀಕು ಸರಿಯಾಗಿದ್ದರೆ, ಅದಕ್ಕಿಂತ ಉತ್ತರದಲ್ಲಿರುವ ಡೊಂಬಿವಿಲಿ, ಬೊರಿವಿಲಿಗಳಿಗೆ 16 ಹೆಚ್ಚು ಸರಿ. ಊರಿನ ಕಡೆ ಇದು ಮೊದಲೇ ಆಗಿಹೋಗಿರುತ್ತದೆ: ಉಡುಪಿಗೆ ಏಪ್ರಿಲ್ 25, ಧಾರವಾಡಕ್ಕೆ ಮೇ 2, ವಿಜಯಪುರಕ್ಕೆ ಮೇ 7, ಕಲಬುರಗಿಗೆ ಮೇ 9ರ ಆಸುಪಾಸು. ಆದಕಾರಣ ಮೇ 15ರಂದು ಕರ್ನಾಟಕದಲ್ಲೆಲ್ಲ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇಲ್ಲಿ ಬೀಳುವುದೇ ಇಲ್ಲ.

ಈ ವ್ಯತ್ಯಾಸದಿಂದ ಭೂಮಿಯ ಸುತ್ತಳತೆಯನ್ನೇ ಲೆಕ್ಕ ಹಾಕಬಹುದು. ಸುಮಾರು 2,250 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಗ್ರಂಥಾಲಯದ ಅಧಿಕಾರಿಯಾಗಿದ್ದ ಎರಟೋಸ್ಥಿನೀಸನು ಮಾಡಿದ್ದು ಇದನ್ನೇ. ದಕ್ಷಿಣದ ಸೈಯೀನ್ ಎಂಬ ಊರಿನಲ್ಲಿ ವರ್ಷದ ಅತಿ ದೀರ್ಘ ದಿನದ ಮಧ್ಯಾಹ್ನ ಬಿಸಿಲು ಬಾವಿಯ ತಳ ಮುಟ್ಟುತ್ತದೆ ಎಂದು ಅವನು ಕೇಳಿದ್ದ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದ ನೆರಳು ಒಂದು ಸುತ್ತಿನ ಐವತ್ತನೆಯ ಒಂದು ಪಾಲಿನಷ್ಟು ಓರೆಯಾಗಿತ್ತು. ಹಾಗಾದರೆ ಎರಡು ಊರಿನ ಅಂತರದ ಐವತ್ತು ಪಟ್ಟು ಭೂಮಿಯ ಸುತ್ತಳತೆ. ಗುಮಾಸ್ತನಿಗೂ ತಿಳಿಯುವ ಲೆಕ್ಕ.

ಮಕ್ಕಳು ಊರಿಗೆ ಹೊರಡುವ ಮುನ್ನಾದಿನ ಒಂದು ಮೂಸಂಬಿಗೆ ಎರಡು ಲವಂಗ ಚುಚ್ಚಿ, ದೂರದಿಂದ ಟಾರ್ಚು ಬಿಟ್ಟು ತೋರಿಸಿದೆವು. ಒಂದು ಲವಂಗ ಟಾರ್ಚಿಗೆ ನೇರವಾಗಿದ್ದರೆ ಅದಕ್ಕೆ ನೆರಳಿಲ್ಲ, ಪಕ್ಕದ್ದಕ್ಕೆ ಇದೆ. ಮೂಸಂಬಿ ಚಪ್ಪಟೆಯಾಗಿದ್ದಿದ್ದರೆ ಎರಡಕ್ಕೂ ಇರುತ್ತಿರಲಿಲ್ಲ. ಚಿಕ್ಕವನಿಗೆ ಇಷ್ಟು ಸಾಕಾಯಿತು. ಭೂಮಿಯನ್ನು ಸುಲಿದು ತಿಂದುಬಿಟ್ಟ.

ನಮ್ಮ ಮನೆಯವರ ತವರು ಉಡುಪಿಯ ಹತ್ತಿರ. ಮಾವನವರು ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಫೋರ್ಟಿನ ಹೊಟೇಲೊಂದರಲ್ಲಿ ಲೋಟ ತೊಳೆಯುತ್ತ, ಕನ್ನಡ ರಾತ್ರಿಶಾಲೆಯಲ್ಲಿ ಏಳನೆಯವರೆಗೆ ಓದಿ, ಮುಂದೆ ಗಲ್ಲೆಯ ಮೇಲೆ ಕೂತು, ಮುಪ್ಪಿನಲ್ಲಿ ಊರು ಸೇರಿದವರು. ಟೆಲಿಫೋನಿನಲ್ಲಿ ವಿಷಯ ಹೇಳಿದಾಗ ಅವರು, “ಮೇ ತಿಂಗಳಲ್ಲಿ ಹೊಟೇಲಿನ ಹಿಂದಿನ ಗಲ್ಲಿಯಲ್ಲಿ ಮಧ್ಯಾಹ್ನ ನಿಲ್ಲಲು ಒಂದು ಅಂಗೈಯಷ್ಟು ನೆರಳಿರುತ್ತಿರಲಿಲ್ಲ, ಅದು ನನಗೆ ಗೊತ್ತು. ಅದಕ್ಕೆ ಇಷ್ಟು ದೊಡ್ಡ ಅರ್ಥವಿದೆಯೆಂದು ಗೊತ್ತಿರಲಿಲ್ಲ. ಕೋಲು ನಾನು ಸಿದ್ಧ ಮಾಡುತ್ತೇನೆ, ನೀವು ಅಲ್ಲಿಯದು ನೋಡಿ,” ಎಂದರು.

ಮಧ್ಯಾಹ್ನವೆಂದರೆ ಹನ್ನೆರಡು ಗಂಟೆಯಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಗಡಿಯಾರಗಳು ಇಡೀ ದೇಶಕ್ಕೆ ಒಂದೇ ಸಮಯ ತೋರಿಸುತ್ತವೆ. ಸೂರ್ಯ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಭಾರತೀಯ ಕಾಲಮಾನ 1906ರಲ್ಲಿ ಬಂದರೂ ಮುಂಬಯಿಯವರು ಐವತ್ತರ ದಶಕದವರೆಗೆ ತಮ್ಮ ‘ಬಾಂಬೆ ಟೈಮ್’ ಬಿಡಲೊಲ್ಲದೆ ಇದ್ದರು. ಅದು 39 ನಿಮಿಷ ಹಿಂದೆ. ಮೇ ನಡುವಿನಲ್ಲಿ ಫೋರ್ಟಿನಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆ 35 ನಿಮಿಷಕ್ಕೆ. ಉಡುಪಿ ಸ್ವಲ್ಪ ಪೂರ್ವಕ್ಕಿರುವುದರಿಂದ ಅಲ್ಲಿ ಎಂಟು ನಿಮಿಷ ಮೊದಲೇ, 12 ಗಂಟೆ 27ಕ್ಕೆ.

2024ರ ಮೇ 15 ಬುಧವಾರ. ಎರಡು ದಿನ ಮೊದಲು ಬೀಸಿದ ಧೂಳಿನ ಬಿರುಗಾಳಿಯಿಂದ ನಗರ ಇನ್ನೂ ಚೇತರಿಸಿಕೊಂಡಿರಲಿಲ್ಲ. 20ಕ್ಕೆ ಮತದಾನ, ಕಚೇರಿಯಲ್ಲಿ ಉಸಿರಾಡಲು ಪುರಸತ್ತಿರಲಿಲ್ಲ. ಡಬ್ಬಿಯ ಬಿಡುವು ಒಂದು ಗಂಟೆಗೆ. ಹನ್ನೆರಡೂವರೆಗೆ ಮೇಲೆ ಹೋಗಬೇಕಾದರೆ ಯಾವ ಕಾರಣ ಹೇಳುವುದು? ನೆರಳು ಇಲ್ಲದ್ದನ್ನು ನೋಡಲು ರಜೆ ಕೊಡುವ ನಿಯಮ ಯಾವ ಕೈಪಿಡಿಯಲ್ಲಿಯೂ ಇಲ್ಲ. ಚಹಕ್ಕೆಂದು ಎದ್ದವರು ಗಚ್ಚಿಗೆ ಹೋದೆವು. ಗಚ್ಚಿಯ ಕೀಲಿ ಶಿಪಾಯಿಯ ಹತ್ತಿರ. ಅವನಿಗೆ ಕಾರಣ ಹೇಳಲೇಬೇಕಾಯಿತು. ಹೇಳಿದ್ದಕ್ಕೆ ಅವನೂ ಬಂದ. ಅವನ ಹಿಂದೆ ಇನ್ನು ಮೂವರು.

ನೀರಿನ ಸ್ಟೀಲ್ ಬಾಟಲಿಯನ್ನು ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದೆವು. 12 ಗಂಟೆ 20ಕ್ಕೆ ಅದರ ಪಡುವಣ ಬದಿಗೆ ಎರಡು ಬೆರಳು ನೆರಳಿತ್ತು. 12 ಗಂಟೆ 30ಕ್ಕೆ ಒಂದು ಗೆರೆಯಷ್ಟು. 35ಕ್ಕೆ ಇಲ್ಲ. ನಾಲ್ಕೂ ಕಡೆಯಿಂದ ಬಗ್ಗಿ ನೋಡಿದೆವು, ಇಲ್ಲ. ಶಿಪಾಯಿ ತನ್ನ ಕಾಲ ಸುತ್ತ ಹುಡುಕಿಕೊಂಡು, ಮರಾಠಿಯಲ್ಲಿ, “ಸಾಹೇಬರೆ, ನನ್ನ ನೆರಳು ಚಪ್ಪಲಿಯ ಕೆಳಗೆ ಹೋಗಿದೆ,” ಎಂದ. ಇಪ್ಪತ್ತು ವರ್ಷ ಅದೇ ಗಚ್ಚಿಯ ಕೀಲಿ ಹಿಡಿದವನು ಆ ದಿನ ಮೊದಲ ಸಲ ಅದನ್ನು ಕಂಡನಂತೆ. ನಾವೂ ಮೊದಲ ಸಲವೇ ಕಂಡದ್ದು. ಮಕ್ಕಳಿಗೆ ಕಲಿಸಲು ಹೊರಟವರ ರೋಮ ನಿಂತಿತ್ತು ಎಂದರೆ ವಾಚಕರು ನಗಬಾರದು.

ಊರಿನ ಅಂಗಳದಲ್ಲಿ ನಡೆದುದನ್ನು ನಾವು ಕೇಳಿ ತಿಳಿದದ್ದು. ಮಾವನವರು ಬಿದಿರಿನ ಕೋಲೊಂದನ್ನು ನೆಲದಿಂದ ಸರಿಯಾಗಿ ಒಂದು ಮೀಟರು ನಿಲ್ಲುವಂತೆ ಹುಗಿದು, ನೂಲಿಗೆ ಕಲ್ಲು ಕಟ್ಟಿ ಇಳಿಬಿಟ್ಟು, ಎರಡು ಕಡೆಯಿಂದ ನೋಡಿ ವಾಲದಂತೆ ಮಾಡಿದ್ದರು. 12 ಗಂಟೆ 10ರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಮಗಳು ಒಂದೊಂದು ಹುಣಸೆ ಬೀಜ ಇಟ್ಟಳು. ಚಿಕ್ಕವನು ಗಡಿಯಾರ ನೋಡಿ ಕೂಗುವ ಅಧಿಕಾರಿ. ನೆರಳು ತೆಂಕಣಕ್ಕೆ ಬಿದ್ದುದನ್ನು ಕಂಡು ಅತ್ತೆಯವರು, ಯಮನ ದಿಕ್ಕಿಗೆ ಮಕ್ಕಳನ್ನು ಕೂರಿಸಿ ಇದೇನು ಆಟ ಎಂದು ಒಮ್ಮೆ ಗೊಣಗಿ, ಬೇಗನೆ ಮುಗಿಸಲೆಂದು ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು. 12 ಗಂಟೆ 25 ಮತ್ತು 30ರ ಬೀಜಗಳು ಕೋಲಿನಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದವು. ಅವೇ ಎಲ್ಲಕ್ಕಿಂತ ಹತ್ತಿರದವು. ಅಳೆದರೆ 10.4 ಸೆಂಟಿಮೀಟರು.

ರಾತ್ರಿ ನಾವು ಡೊಂಬಿವಿಲಿಯಲ್ಲಿ, ಅವರು ಅಲ್ಲಿ, ನಡುವೆ ಮೊಬೈಲು. ಲೆಕ್ಕ ಹೀಗೆ. ಒಂದು ಮೀಟರು ಕೋಲನ್ನೇ ತ್ರಿಜ್ಯವಾಗಿಟ್ಟು ವೃತ್ತ ಬರೆದರೆ ಸುತ್ತಳತೆ 628 ಸೆಂಟಿಮೀಟರು. ನೆರಳು ಇಷ್ಟು ಚಿಕ್ಕದಾಗಿರುವಾಗ ಅದನ್ನು ಆ ವೃತ್ತದ ಒಂದು ತುಂಡೆಂದೇ ಹಿಡಿದರೆ ಹೆಚ್ಚು ಮೋಸವಿಲ್ಲ. 628ರಲ್ಲಿ ಆ ತುಂಡು ಎಷ್ಟು ಸಲ ಸೇರುತ್ತದೆಯೋ, ಭೂಮಿಯ ಸುತ್ತಿನಲ್ಲಿ ಮುಂಬಯಿ ಮತ್ತು ಉಡುಪಿಗಳ ತೆಂಕುಬಡಗು ಅಂತರ ಅಷ್ಟು ಸಲ ಸೇರುತ್ತದೆ.

ಅಂತರ ಎಷ್ಟು? ರೈಲಿನ ಕಿಲೋಮೀಟರು ಹಿಡಿಯೋಣವೆಂದ ಚಿಕ್ಕವನು. ಹಿಡಿದು ನೋಡಿದರೆ ಭೂಮಿ ಬೊಜ್ಜು ಬಂದವನಂತೆ ಉಬ್ಬಿತು. ಕೊಂಕಣ ರೈಲು ಗುಡ್ಡ ಸುತ್ತಿ, ನದಿ ದಾಟಿ, ಪಡುವಣಕ್ಕೂ ಮೂಡಣಕ್ಕೂ ಬಳುಕುತ್ತ ಹೋಗುತ್ತದೆ. ಅದರ ಬಳುಕು ನಮಗೆ ಬೇಡ. ಅದಲ್ಲದೆ ಉಡುಪಿ ಮುಂಬಯಿಯ ನೇರ ದಕ್ಷಿಣಕ್ಕಿಲ್ಲ, ಆಗ್ನೇಯಕ್ಕೆ ಸರಿದಿದೆ. ಆದುದರಿಂದ ಮಗಳು ಅಜ್ಜನ ಅಟ್ಲಾಸಿನಲ್ಲಿ ಉಡುಪಿಯ ಮಟ್ಟಕ್ಕೆ ಅಡ್ಡ ಗೆರೆ ಎಳೆದು, ಮುಂಬಯಿಯಿಂದ ಆ ಗೆರೆಗೆ ನೇರ ನೂಲು ಹಿಡಿದು, ಕೆಳಗಿನ ಅಳತೆಪಟ್ಟಿಗೆ ಹೋಲಿಸಿದಳು. 620 ಕಿಲೋಮೀಟರು.

ಭಾಗಿಸಿ ಗುಣಿಸಿದರೆ ಸುಮಾರು 37,400 ಕಿಲೋಮೀಟರು. ಪುಸ್ತಕದ ಲೆಕ್ಕ, ಧ್ರುವಗಳ ಮೇಲಿನಿಂದ ಸುತ್ತಿದರೆ, 40,008.

ಅಂಗಳದ ಒಂದು ಬಿದಿರು ಕೋಲು ಭೂಮಿಯನ್ನು ಇಷ್ಟು ಹತ್ತಿರಕ್ಕೆ ಅಳೆಯಿತಲ್ಲ ಎಂದು ಹಿಗ್ಗಬೇಕಾಗಿತ್ತು. ನಮ್ಮೊಳಗಿನ ಗುಮಾಸ್ತ ಹಿಗ್ಗಲಿಲ್ಲ. ಅವನಿಗೆ ಕಂಡದ್ದು 2,600 ಕಿಲೋಮೀಟರಿನ ಕೊರತೆ. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಅವನಿಗೆ ನಿದ್ದೆ ಬಾರದು. ಕಾಗದದ ಮೇಲೆ ಹಿಂದುಮುಂದಾಗಿ ಲೆಕ್ಕ ಮಾಡಿ, ನೆರಳು 9.7 ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತೆಂದು ಕಂಡುಹಿಡಿದೆವು.

“ಪುಟ್ಟಿ, ಇನ್ನೊಮ್ಮೆ ಯೋಚಿಸು. 9.7 ಇರಬೇಕು. ಅಳೆಯುವಾಗ ಏನೋ ಹೆಚ್ಚುಕಡಿಮೆ ಆಗಿದೆ,” ಎಂದೆವು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಜೀರುಂಡೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಮಗಳು, ಸಿಟ್ಟಿಲ್ಲ, ಅಳುವಿಲ್ಲ, ಅಂಗಡಿಯಲ್ಲಿ ಯಾವ ಬೇಳೆ ತರಲಿ ಎಂದು ಕೇಳುವ ಹಾಗೆ ಕೇಳಿದಳು:

“ಅಪ್ಪ, ಯಾವುದು ಬರೆಯಲಿ? ಪುಸ್ತಕದ್ದೋ, ಬಂದದ್ದೋ?”

ಮೇಣದ ಬತ್ತಿಯ ವಿಷಯ ಮುಗಿಯಿತೆಂದು ನಾವು ತಿಳಿದಿದ್ದೆವಷ್ಟೆ. ಅದು ಮುಗಿದಿರಲಿಲ್ಲ. ನಾವು ಕೆಂಪು ಪೆನ್ನಿನಿಂದ ಹೊಡೆದದ್ದು ಒಂದು ವಾಕ್ಯವನ್ನಲ್ಲ. ಹನ್ನೊಂದು ವರ್ಷದ ಹುಡುಗಿಗೆ ಲೋಕದಲ್ಲಿ ಎರಡು ತರಹದ ಉತ್ತರಗಳಿವೆ, ಅಪ್ಪನಿಗೆ ಯಾವುದು ಬೇಕೆಂದು ಮೊದಲೇ ಕೇಳಿಕೊಳ್ಳುವುದು ಕ್ಷೇಮ ಎಂದು ನಾವೇ ಕಲಿಸಿಬಿಟ್ಟಿದ್ದೆವು. ಬತ್ತಿಯ ಪ್ರಯೋಗದಿಂದ ಅವಳು ನಿಜವಾಗಿ ಕಲಿತ ವಿಜ್ಞಾನ ಇದು. ಫೋನು ಹಿಡಿದ ಕೈ ಬೆವರಿತು. “ಬಂದದ್ದು ಬರಿ ಮಗಾ,” ಎಂದೆವು. ಸ್ವರ ಸರಿಯಾಗಿ ಹೊರಡಲಿಲ್ಲವೆಂದು ತೋರುತ್ತದೆ, ಮನೆಯವರು ಫೋನು ತೆಗೆದುಕೊಂಡು, “ನಿಮಗೆ ಊಟ ಆಯಿತೇ?” ಎಂದು ಕೇಳಿದರು.

ಜೂನಿನಲ್ಲಿ ಅವರು ಮರಳಿ ಬಂದಾಗ ನೋಟುಬುಕ್ಕು ನೋಡಿದೆವು. ಕೆಂಪು ಪೆನ್ನಿಲ್ಲದೆ, ಕೈಕಟ್ಟಿ. ಪುಟದ ಮೇಲೆ ‘ನೆರಳು’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದಿತ್ತು. ಮೊದಲಿನದು ಅಜ್ಜನ ಕೈಬರಹ, ರಾತ್ರಿಶಾಲೆಯ ದುಂಡು ಅಕ್ಷರ. ಅದರ ಕೆಳಗೆ ಮಗಳು ನಾಲ್ಕು ಸಲ ತಿದ್ದಿದ್ದಳು. ಮೂರು ಸಲ ‘ಳ’ ಮಗುಚಿ ಬಿದ್ದಿತ್ತು, ನಾಲ್ಕನೆಯ ಸಲ ಎದ್ದು ನಿಂತಿತ್ತು. ಬೀಜಗಳ ಚಿತ್ರ, ಹೊತ್ತು, ಅಳತೆ ಎಲ್ಲ ಇತ್ತು. 10.4 ಎಂಬುದರ ಪಕ್ಕದಲ್ಲಿ ಸಣ್ಣಗೆ ಒಂದು ವಾಕ್ಯ: ನೆರಳಿನ ತುದಿ ಸ್ಪಷ್ಟವಿರಲಿಲ್ಲ, ಹೊಗೆಯಂತೆ ಇತ್ತು, ಹೊಗೆ ಮುಗಿಯುವಲ್ಲಿ ಬೀಜ ಇಟ್ಟೆ.

ನಾವು ಕೂತು ಅದನ್ನು ಮೂರು ಸಲ ಓದಿದೆವು. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಅದರ ಒಂದು ಅಂಚಿನ ಬೆಳಕು ಮರೆಯಾದರೂ ಇನ್ನೊಂದು ಅಂಚಿನದು ಬೀಳುತ್ತಿರುತ್ತದೆ. ಆದುದರಿಂದ ಒಂದು ಮೀಟರು ಕೋಲಿನ ನೆರಳ ತುದಿಯಲ್ಲಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರು ಅಗಲದ ಮಸುಕು ಇದ್ದೇ ಇರುತ್ತದೆ. ಅಳೆಯಬೇಕಾದುದು ಮಸುಕಿನ ನಡುವಿಗೆ. ಅವಳು ಅಳೆದದ್ದು ಹೊರಗಿನ ಕೊನೆಗೆ. ಅರ್ಧ ಸೆಂಟಿಮೀಟರು ಕಳೆದು 9.9 ಎಂದು ಹಿಡಿದು ಗುಣಿಸಿದಳು: 39,300 ಮತ್ತು ಚಿಲ್ಲರೆ. ನಮ್ಮ ಮಾತು ಕೇಳಿ 9.7 ಎಂದು ಬರೆದಿದ್ದರೆ ಹೊಗೆಯ ವಾಕ್ಯಕ್ಕೆ ಪುಟದಲ್ಲಿ ಕೆಲಸವೇ ಇರುತ್ತಿರಲಿಲ್ಲ. 10.4ನ್ನು ಅವಳು ಅಳಿಸಲಿಲ್ಲ. ಅದರ ಕೆಳಗೆ ಹೊಸ ಲೆಕ್ಕ ಬರೆದು, ನಡುವೆ ಬಾಣದ ಗುರುತು ಹಾಕಿದಳು.

ಸೋದರಿಯರು ಕೇಳಿದ್ದು ಪ್ರಯೋಗಗಳ ಪಟ್ಟಿಯನ್ನು. ನಾವು ಹೇಳಿದ್ದು ಎರಡೇ. ಮೊದಲನೆಯದಕ್ಕೆ ದೊಡ್ಡವರೊಬ್ಬರು ಹತ್ತಿರವಿರಲಿ, ಹತ್ತಿಯ ಬಟ್ಟೆ ಉಡಿಸಿ, ಪರದೆ ದೂರವಿರಲಿ. ಎರಡನೆಯದರಲ್ಲಿ ನೆರಳನ್ನು ನೋಡಬೇಕೇ ಹೊರತು ಸೂರ್ಯನನ್ನು ಅಲ್ಲ. ಮಕ್ಕಳು ತಲೆ ಎತ್ತಿದರೆ ಗದರಿಸಲು ಅಡ್ಡಿಯಿಲ್ಲ. ಬರುವ ಮೇ ತಿಂಗಳಲ್ಲಿ ಧಾರವಾಡ, ಕಲಬುರಗಿ, ಮೈಸೂರು, ಕಾಸರಗೋಡು, ಎಲ್ಲಿಗೆ ಹೋದರೂ ಸರಿ, 15ನೆಯ ತಾರೀಕು ಹನ್ನೆರಡರಿಂದ ಒಂದರವರೆಗೆ ಮಕ್ಕಳು ಅಂಗಳದಲ್ಲಿ ಒಂದು ಮೀಟರು ಕೋಲು ನಿಲ್ಲಿಸಿ, ಎಲ್ಲಕ್ಕಿಂತ ಚಿಕ್ಕ ನೆರಳನ್ನು ಅಳೆದು ಸಂಘದ ವಿಳಾಸಕ್ಕೆ ಬರೆದು ಕಳುಹಿಸಲಿ. ಫೋರ್ಟಿನ ಗಚ್ಚಿಯ ಕೆಲಸ ನಮ್ಮದು. ಶಿಪಾಯಿ ಈಗಾಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾನೆ. ಯಾವ ಊರಿಗೆ ಎಷ್ಟು ನೆರಳು ಬರಬೇಕೆಂಬ ಅಂಕೆ ನಮ್ಮ ಹತ್ತಿರವಿದೆ. ಬೇಕೆಂದೇ ಇಲ್ಲಿ ಕೊಟ್ಟಿಲ್ಲ.

ಮಾವನವರ ಬಿದಿರಿನ ಕೋಲು ಮಾತ್ರ ಇನ್ನು ಸಿಕ್ಕುವಂತಿಲ್ಲ. ಅತ್ತೆಯವರು ಅದನ್ನು ಆ ಮಳೆಗಾಲದಲ್ಲಿಯೇ ಕಿತ್ತು ಹಾಗಲದ ಬಳ್ಳಿಗೆ ಕೊಟ್ಟುಬಿಟ್ಟರಂತೆ. ಬೇರೆ ಹುಡುಕಬೇಕು.